ತುಕ್ಕು ಹಿಡಿದ ಹಳೆಯ ಡೀಸೆಲ್ ಕಾರು: ಉಳಿಸಬಹುದೇ, ಎಲ್ಲಿಂದ ಶುರು ಮಾಡಬೇಕು?

ತುಮಕೂರು ಜಿಲ್ಲೆಯ ತೋಟದ ಮನೆಗಳ ಮುಂದೆ, ತೆಂಗಿನ ಗರಿಗಳ ನೆರಳಿನಲ್ಲಿ, ಟಾರ್ಪಾಲು ಹೊದ್ದು ನಿಂತಿರುವ ಡೀಸೆಲ್ ಕಾರುಗಳು ಕಡಿಮೆಯೇನಿಲ್ಲ. ಇಂಡಿಕಾ, ಕ್ವಾಲಿಸ್, ಸುಮೋ, ಬೊಲೆರೊ, ಅಪರೂಪಕ್ಕೆ ಒಂದು ಡೀಸೆಲ್ ಅಂಬಾಸಿಡರ್. 2014ರ ಅಕ್ಟೋಬರ್‌ವರೆಗೆ ಡೀಸೆಲ್ ದರ ಸರ್ಕಾರದ ಹಿಡಿತದಲ್ಲಿತ್ತು, ಪೆಟ್ರೋಲಿಗಿಂತ ಅಗ್ಗವಾಗಿತ್ತು. 1998ರ ಕೊನೆಗೆ ಇಂಡಿಕಾ ಬಂತು. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ರಸ್ತೆಗಿಳಿಯಿತು. ಅಡಿಕೆ ಮಂಡಿಗೆ, ಆಸ್ಪತ್ರೆಗೆ, ಮದುವೆಗೆ, ಧರ್ಮಸ್ಥಳಕ್ಕೆ ಓಡಿ ಓಡಿ ಮೂರು ಲಕ್ಷ ಕಿಲೋಮೀಟರ್ ದಾಟಿದ ಗಾಡಿಗಳು ಇವು.

ಈಗ ಇವುಗಳ ನೋಂದಣಿ ಅವಧಿ ಒಂದೊಂದಾಗಿ ಮುಗಿಯುತ್ತಿದೆ. 2010ರಲ್ಲಿ ಕೊಂಡ ಕಾರಿಗೂ 2025ಕ್ಕೆ 15 ವರ್ಷ ತುಂಬಿತು. ಗುಜರಿಗೆ ಹಾಕುವುದೋ, ಸರಿ ಮಾಡಿಸಿ ಓಡಿಸುವುದೋ ಎಂಬ ಪ್ರಶ್ನೆ ಮನೆಮನೆಯಲ್ಲೂ ಎದ್ದಿದೆ. ಉತ್ತರ ಹುಡುಕುವವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತುತ್ತಾರೆ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದದ್ದು ಗಾಡಿಯ ಅಡಿಭಾಗ. ಹಳೆಯ ಡೀಸೆಲ್ ಇಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಕರಗಿಹೋದ ತಗಡಿನ ಕಥೆ ಬೇರೆ.

ನಿಷೇಧದ ಸುದ್ದಿ ಎಲ್ಲಿಯದು?

"ಹತ್ತು ವರ್ಷ ದಾಟಿದ ಡೀಸೆಲ್ ಕಾರು ಬ್ಯಾನ್ ಆಗಿದೆಯಂತೆ" ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇರುತ್ತದೆ. ಅದರ ಮೂಲ ದೆಹಲಿಯದು. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆ ಆದೇಶ ಕರ್ನಾಟಕದ ಕಾರಿಗೆ ಅನ್ವಯಿಸುವುದಿಲ್ಲ.

ನಮ್ಮಲ್ಲಿನ ನಿಯಮ ಸರಳವಾಗಿದೆ. ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷ ಊರ್ಜಿತವಾಗಿರುತ್ತದೆ. ಬಳಿಕ ಗಾಡಿಯನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಿ, ಅದು ಓಡಲು ಯೋಗ್ಯವೆಂದು ಕಂಡುಬಂದರೆ ಇನ್ನೂ ಐದು ವರ್ಷಕ್ಕೆ ನವೀಕರಿಸಬಹುದು. ಆ ಐದು ವರ್ಷ ಮುಗಿದ ಮೇಲೆ ಮತ್ತೆ ಅದೇ ಕ್ರಮ. ಫಾರಂ 25ರಲ್ಲಿ ಅರ್ಜಿ ಹಾಕಬೇಕು, ಅವಧಿ ಮುಗಿಯುವುದಕ್ಕೆ 60 ದಿನಗಳಿಗಿಂತ ಮೊದಲೇ ಹಾಕುವಂತಿಲ್ಲ. ಕೆಎ 06 ಗಾಡಿಯಾದರೆ ತುಮಕೂರು, ಕೆಎ 44 ಆದರೆ ತಿಪಟೂರು, ಕೆಎ 64 ಆದರೆ ಮಧುಗಿರಿ ಕಚೇರಿ. ಕೇಂದ್ರ ಸರ್ಕಾರ ನಿಗದಿಪಡಿಸಿದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಆಯಿತು. 20 ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನ ತಿದ್ದುಪಡಿ ಅದನ್ನು 10,000ಕ್ಕೆ ಏರಿಸಿತು. ಇದಲ್ಲದೆ ರಾಜ್ಯದ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆಯ ಪತ್ರ, ಅತಿಸುರಕ್ಷಿತ ನೋಂದಣಿ ಫಲಕ ಬೇಕು. ಕಾನೂನು ಬಾಗಿಲು ಮುಚ್ಚಿಲ್ಲ. ಗಾಡಿ ಪರೀಕ್ಷೆಯಲ್ಲಿ ನಿಲ್ಲುತ್ತದೆಯೇ ಎಂಬುದೊಂದೇ ಪ್ರಶ್ನೆ.

ತುಕ್ಕು ಎಂದರೇನು?

ದೋಸೆ ಹಂಚನ್ನು ತೊಳೆದು ಒರೆಸದೆ ಬಿಟ್ಟು ನೋಡಿ. ಬೆಳಿಗ್ಗೆ ಅದರ ಮೇಲೆ ಕೆಂಪು ಪುಡಿ. ಎಣ್ಣೆ ಸವರಿಟ್ಟರೆ ಏನೂ ಆಗುವುದಿಲ್ಲ. ಕಾರಿನ ತುಕ್ಕಿನ ವಿಚಾರವೆಲ್ಲ ಈ ಹಂಚಿನಲ್ಲೇ ಇದೆ. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಮೂರೂ ಒಂದೆಡೆ ಸೇರಿದರೆ ತುಕ್ಕು ಹುಟ್ಟುತ್ತದೆ. ಮೂರರಲ್ಲಿ ಒಂದನ್ನು ದೂರವಿಟ್ಟರೆ ಹುಟ್ಟುವುದಿಲ್ಲ. ಬಣ್ಣ, ಎಣ್ಣೆ, ಮೇಣ ಎಲ್ಲವೂ ಮಾಡುವುದು ಇದೊಂದೇ ಕೆಲಸ: ನೀರು, ಗಾಳಿಯನ್ನು ಕಬ್ಬಿಣದಿಂದ ದೂರವಿಡುವುದು.

ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಅಗೆದು ತೆಗೆದ ಕೆಂಪು ಅದಿರು ಕೂಡ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ವಸ್ತುವೇ. ಕುಲುಮೆಯಲ್ಲಿ ಅಪಾರ ಶಾಖ ಕೊಟ್ಟು ಆ ಆಮ್ಲಜನಕವನ್ನು ಬಿಡಿಸಿದಾಗ ಕಬ್ಬಿಣ ಸಿಗುತ್ತದೆ. ಅವಕಾಶ ಸಿಕ್ಕಿದ ಕೂಡಲೇ ಅದು ಮತ್ತೆ ಆಮ್ಲಜನಕದ ಜೊತೆ ಕೂಡಿಕೊಳ್ಳುತ್ತದೆ. ತುಕ್ಕು ಎಂದರೆ ಕಬ್ಬಿಣ ಅದಿರಿನ ಸ್ಥಿತಿಗೆ ಮರಳುವುದು. ಅಲ್ಯೂಮಿನಿಯಂ ಮೇಲೆ ಇಂಥದೇ ಪದರ ಕಟ್ಟಿದರೂ ಅದು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬುತ್ತದೆ, ಹಪ್ಪಳದಂತೆ ಏಳುತ್ತದೆ, ಉದುರಿ ಒಳಗಿನ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ಬಾಗಿಲಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ಅದರಡಿಯಲ್ಲಿ ತುಕ್ಕು ಉಬ್ಬಿ ಬಣ್ಣವನ್ನು ಮೇಲೆತ್ತಿದೆ ಎಂದು ತಿಳಿಯಬೇಕು.

ನಮ್ಮ ಬಯಲುಸೀಮೆಯಲ್ಲಿ ಕರಾವಳಿಯ ಉಪ್ಪುಗಾಳಿ ಇಲ್ಲ, ಮಳೆಯೂ ಕಡಿಮೆ. ಆದರೂ ಗಾಡಿಗಳು ತುಕ್ಕು ಹಿಡಿಯುತ್ತವೆ. ಒಂದು ಕಾರಣ ಬೋರ್‌ವೆಲ್ ನೀರು. ಪಾವಗಡ, ಶಿರಾ, ಮಧುಗಿರಿ ಕಡೆಯ ನೀರಿನಲ್ಲಿ ಲವಣಾಂಶ ಎಷ್ಟೆಂಬುದು ಹಂಡೆಯೊಳಗೆ ಕಟ್ಟುವ ಬಿಳಿ ಗಾರೆಯನ್ನು ಕೆರೆದವರಿಗೆಲ್ಲ ಗೊತ್ತು. ಲವಣವಿರುವ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ತುಕ್ಕು ಹಿಡಿಯುವಾಗ ಲೋಹದ ಮೇಲೆ ನಡೆಯುವುದು ಕೂಡ ಕಣ್ಣಿಗೆ ಕಾಣದ ಸಣ್ಣ ವಿದ್ಯುತ್ ಹರಿವೇ. ಹೀಗಾಗಿ ಆ ನೀರಿನಲ್ಲಿ ತೊಳೆದು, ಒರೆಸದೆ, ನೆರಳಿನಲ್ಲಿ ನಿಲ್ಲಿಸಿದ ಗಾಡಿಗೆ ತುಕ್ಕು ಬೇಗ ಹತ್ತುತ್ತದೆ. ಇನ್ನೊಂದು ಕಾರಣ ಚಕ್ರದ ಮೇಲಿನ ಮಡಿಕೆಗಳಲ್ಲಿ ಮೆತ್ತಿಕೊಂಡು ಕೂರುವ ಕೆಮ್ಮಣ್ಣು. ಒಮ್ಮೆ ನೆನೆದರೆ ಅದು ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಸ್ಕ್ರೂಡ್ರೈವರ್ ಪರೀಕ್ಷೆ

ನಮ್ಮ ಮನೆಯ ಗಾಡಿಯ ಒಳನೆಲದಲ್ಲಿ ತೆಂಗಿನ ನಾರಿನ ಮ್ಯಾಟ್ ಹಾಸಿತ್ತು. ನೋಡಲು ಅಚ್ಚುಕಟ್ಟು. ಚಾಲಕನ ಕಾಲಿನ ಬಳಿ ಅದನ್ನು ಎತ್ತಿದಾಗ ಕೊಳೆತ ಎಲೆಯ ವಾಸನೆ ಬಂತು. ಕೆಳಗಿನ ಕಾರ್ಪೆಟ್ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿತ್ತು, ಮಳೆ ನಿಂತು ಹತ್ತು ದಿನ ಕಳೆದಿದ್ದರೂ. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ತುದಿಯನ್ನು ತಗಡಿನ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದ. ಸದ್ದೇ ಇಲ್ಲದೆ ಅದು ಹಿಡಿಯವರೆಗೆ ಇಳಿದುಹೋಯಿತು. ಎಳೆದಾಗ ತೂತಿನಿಂದ ಗ್ಯಾರೇಜಿನ ನೆಲದ ಬೆಳಕು ಕಂಡಿತು. ಇಂಜಿನ್ ಬೇಕಾದರೆ ಕಟ್ಟಿಕೊಡಬಹುದು, ಈ ತಗಡನ್ನು ಎಲ್ಲಿಂದ ತರುವುದು ಎಂದು ಅವನು ಕೇಳಿದ. ನೀರು ಬರುತ್ತಿದ್ದದ್ದು ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರಿಂದ. ಎಷ್ಟೋ ಮಳೆಗಾಲ ಅದು ಹಾಗೆಯೇ ಸೋರಿತ್ತು, ನಾವು ಅದರ ಮೇಲೆ ಕಾಲಿಟ್ಟು ಕುಳಿತು ಓಡಾಡಿದ್ದೆವು.

ಆದ್ದರಿಂದ ಮೊದಲು ಮ್ಯಾಟ್, ಕಾರ್ಪೆಟ್, ಸಾಧ್ಯವಾದರೆ ಸೀಟುಗಳನ್ನೂ ತೆಗೆಯಿಸಿ. ಅಡಿಭಾಗ ತೊಳೆಸಿ ಬಿಸಿಲಿಗೆ ಒಣಗಿಸಿ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಚೇಳೂರಿನ ಸಂತೆಯಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡುವವರಿಗೆ ಈ ವಿದ್ಯೆ ಹೊಸದಲ್ಲ: ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ದಬ್ ಎನ್ನುತ್ತದೆ. ಚಕ್ರದ ಕಮಾನು, ಬಾಗಿಲಿನ ತಳ, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ಸ್ಟೆಪ್ನಿಯ ಗುಂಡಿ, ಸ್ಪ್ರಿಂಗ್ ಕಚ್ಚಿಕೊಂಡಿರುವ ಜಾಗ, ಇವನ್ನು ಬಿಡಬೇಡಿ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವೂ ಜೊತೆಗಿರಲಿ. ಅದು ಅಂಟದ ಜಾಗದಲ್ಲಿ ಹಿಂದೆ ಯಾರೋ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ.

ಕಂಡ ತುಕ್ಕು ಮೂರು ಹಂತದಲ್ಲಿರಬಹುದು. ಉಜ್ಜಿದರೆ ಹೋಗಿ ಕೆಳಗೆ ಹೊಳೆಯುವ ಲೋಹ ಕಂಡರೆ ಅದು ಮೇಲ್ತುಕ್ಕು, ಚಿಂತೆಯಿಲ್ಲ. ಸಿಡುಬಿನ ಕಲೆಯಂತೆ ಗುಂಡಿಗಳು ಉಳಿದರೆ ತಗಡು ತೆಳುವಾಗಿದೆ. ಸ್ಕ್ರೂಡ್ರೈವರ್ ಇಳಿದರೆ ಅಲ್ಲಿ ಲೋಹವೇ ಇಲ್ಲ. ಕತ್ತರಿಸಿ ಹೊಸದು ಹಾಕಬೇಕು.

ಎತ್ತಿನ ಗಾಡಿಯೋ, ಮಡಕೆಯೋ?

ಒಂದೇ ಅಳತೆಯ ತೂತು ಒಂದು ಕಾರಿಗೆ ಸಣ್ಣ ಗಾಯ, ಇನ್ನೊಂದಕ್ಕೆ ಪ್ರಾಣಾಪಾಯ. ಕಾರಣ ಅವುಗಳ ರಚನೆಯಲ್ಲಿದೆ.

ಕ್ವಾಲಿಸ್, ಸುಮೋ, ಬೊಲೆರೊ ಎತ್ತಿನ ಗಾಡಿಯ ಹಾಗೆ. ಕೆಳಗೆ ಏಣಿಯಾಕಾರದ ದಪ್ಪ ಉಕ್ಕಿನ ಚಾಸಿ ಇದೆ. ಇಂಜಿನ್, ಚಕ್ರ ಎಲ್ಲದರ ಭಾರ ಅದರ ಮೇಲೆ. ಮೇಲಿನ ಬಾಡಿಯನ್ನು ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಬಾಡಿಯ ನೆಲ ತೂತಾದರೆ ಬೆಸೆಯಬಹುದು. ಆದರೆ ಚಾಸಿಯೇ ಪದರ ಪದರವಾಗಿ ಉದುರುತ್ತಿದ್ದರೆ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಇಂಡಿಕಾ, ಸ್ವಿಫ್ಟ್‌ನಂಥ ಕಾರುಗಳು ಮಡಕೆಯ ಹಾಗೆ. ಬೇರೆ ಚಾಸಿ ಇಲ್ಲ, ಚಿಪ್ಪೇ ಶಕ್ತಿ. ಇದನ್ನು ಮಾನೊಕಾಕ್ ರಚನೆ ಎನ್ನುತ್ತಾರೆ. ಬಾಗಿಲ ಕೆಳಗಿನ ಪಟ್ಟಿ ಇಲ್ಲಿ ಅಲಂಕಾರವಲ್ಲ, ಮನೆಯ ತೊಲೆ. ಅದು ಹೋದರೆ ಡಿಕ್ಕಿಯ ಹೊತ್ತಿನಲ್ಲಿ ಒಳಗಿದ್ದವರನ್ನು ಕಾಯುವ ಗೂಡೇ ದುರ್ಬಲವಾಗುತ್ತದೆ. ಇಂಥ ಕಾರಿನಲ್ಲಿ ಪಟ್ಟಿಯ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಕೊಡುವುದು ಜನರ ಜೀವದ ಜೊತೆ ಆಡುವ ಆಟ. ಅದನ್ನು ಒಪ್ಪಿಕೊಳ್ಳಲೇಬೇಡಿ.

ತುಕ್ಕು ತೆಗೆಸುವಾಗ

ತೂತಾದ ಕಡೆ ಟಿಂಕರಿಂಗ್ ಕೆಲಸದವರು ತುಕ್ಕು ತಿಂದ ಭಾಗದ ಆಚೆಗೂ ಸ್ವಲ್ಪ ಕತ್ತರಿಸಿ, ಗಟ್ಟಿ ಲೋಹ ಸಿಕ್ಕ ಮೇಲೆ ಹೊಸ ತಗಡು ಬೆಸೆಯಬೇಕು. ಕಾರಿನ ಬಾಡಿ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಗೇಟು, ಕಿಟಕಿ ಬೆಸೆಯುವ ಆರ್ಕ್ ವೆಲ್ಡಿಂಗ್ ಅದನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗಿನ ಶಾಖ ಅಗಲವಾಗಿ ಹರಡಿ ತಗಡನ್ನು ಸೊಟ್ಟಗಾಗಿಸುತ್ತದೆ. ತಂತಿ ತಾನಾಗಿ ಬರುವ ಸಿಒಟು ವೆಲ್ಡಿಂಗ್ ಇದಕ್ಕೆ ತಕ್ಕದ್ದು. ಕೆಲಸಕ್ಕೆ ಮುನ್ನ ಬ್ಯಾಟರಿ ಸಂಪರ್ಕ ತೆಗೆಯಬೇಕು, ಡೀಸೆಲ್ ಟ್ಯಾಂಕಿನ ಹತ್ತಿರವಾದರೆ ಟ್ಯಾಂಕನ್ನೇ ಇಳಿಸಬೇಕು.

ಗುಂಡಿ ಬಿದ್ದಿದ್ದರೂ ತೂತಾಗದ ಕಡೆ ಗ್ರೈಂಡರಿಗೆ ತಂತಿಯ ಬ್ರಷ್ ಹಾಕಿ ಉಜ್ಜಿದರೂ ಗುಂಡಿಗಳ ತಳದಲ್ಲಿ ತುಕ್ಕು ಉಳಿಯುತ್ತದೆ. ಅಲ್ಲಿಗೆ ತುಕ್ಕು ಮಾರ್ಪಡಿಸುವ ದ್ರಾವಣ ಬೇಕು. ಅದರಲ್ಲಿರುವುದು ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ. ಇದು ಹೇಗೆ ಕೆಲಸ ಮಾಡುತ್ತದೆಂದು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಹಸಿ ಅಡಿಕೆ ಸುಲಿದ ಕಬ್ಬಿಣದ ಕತ್ತಿ ಕಪ್ಪಾಗುತ್ತದೆ, ಬಾಳೆಕಾಯಿ ಹೆಚ್ಚಿದ ಈಳಿಗೆಮಣೆಯೂ ಕಪ್ಪಾಗುತ್ತದೆ. ಅವುಗಳ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಟ್ಟುವ ಪದರ ಅದು. ದ್ರಾವಣವೂ ಹೀಗೆಯೇ ಕೆಂಪು ತುಕ್ಕನ್ನು ಗಟ್ಟಿಯಾದ, ಕದಲದ ಕಪ್ಪು ಪದರವಾಗಿಸುತ್ತದೆ. ಆದರೆ ಹಪ್ಪಳ ಎದ್ದ ತುಕ್ಕಿನ ಮೇಲೆ ನೇರ ಸುರಿದರೆ ಮೇಲಿನ ಪದರವಷ್ಟೇ ಕಪ್ಪಾಗಿ ಒಳಗೆ ತಿನ್ನುವುದು ನಡೆದೇ ಇರುತ್ತದೆ. ಉಜ್ಜುವ ಕೆಲಸಕ್ಕೆ ಬದಲಿ ಇಲ್ಲ.

ಮುಂದೆ ಪ್ರೈಮರ್, ಬೆಸುಗೆಯ ಸಂದುಗಳಿಗೆ ಸೀಲರ್, ಬಣ್ಣ, ಅಡಿಭಾಗಕ್ಕೆ ಕೋಟಿಂಗ್. ಸಾಮಾನ್ಯ ಪ್ರೈಮರಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ನೀರು ಹೀರುತ್ತದೆ. ಪ್ರೈಮರ್ ಹೊಡೆಸಿ ದುಡ್ಡು ಹೊಂದಿಸುವ ತನಕ ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಿದರೆ ಮಾಡಿದ ಕೆಲಸ ವ್ಯರ್ಥ. ತುಕ್ಕು ತೆಗೆಯದೆ ಕಪ್ಪು ಕೋಟಿಂಗ್ ಬಳಿದರೆ ತೇವವನ್ನು ಒಳಗೆ ಕೂಡಿಹಾಕಿ ಬೀಗ ಹಾಕಿದಂತೆ. ಬಾಗಿಲಿನ ತಳದ ಸಣ್ಣ ತೂತುಗಳನ್ನು ತುಕ್ಕಿನ ತೂತೆಂದು ತಿಳಿದು ಮುಚ್ಚುವವರಿದ್ದಾರೆ. ಗಾಜಿನ ಸಂದಿನಿಂದ ಇಳಿದ ನೀರು ಹೊರಹೋಗುವ ದಾರಿ ಅದು, ತೆರೆದೇ ಇರಬೇಕು. ಗಾಡಿಯ ಅಡಿಭಾಗಕ್ಕೆ ಹಳೆಯ ಇಂಜಿನ್ ಆಯಿಲ್ ಬಳಿಯುವ ರೂಢಿಯನ್ನೂ ಬಿಡುವುದು ಲೇಸು. ಅದು ರಬ್ಬರ್ ಬುಷ್‌ಗಳನ್ನು ಊದಿಸಿ ಕೆಡಿಸುತ್ತದೆ, ಹನಿಹನಿಯಾಗಿ ತೋಟದ ಮಣ್ಣಿಗೂ ಸೇರುತ್ತದೆ.

ಮೂರು ಲಕ್ಷ ಕಿಲೋಮೀಟರ್ ಎಂದರೆ ಮುಗಿಯಿತೇ?

ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಜೋರಾಗಿ ಒತ್ತಿದರೆ ಪಂಪಿನ ತಳ ಬಿಸಿಯಾಗುತ್ತದೆ. ಗಾಳಿಯನ್ನು ಅದುಮಿದರೆ ಶಾಖ ಹುಟ್ಟುತ್ತದೆ ಎಂಬ ಈ ಸಂಗತಿಯ ಮೇಲೆಯೇ ಡೀಸೆಲ್ ಇಂಜಿನ್ ನಿಂತಿದೆ. ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ, ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಮಂಜಿನಂತೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಈ ಒತ್ತಡ ತಡೆಯಲೆಂದು ಇಂಜಿನ್ನನ್ನು ದಪ್ಪವಾಗಿ, ಗಟ್ಟಿಯಾಗಿ ಮಾಡಿರುತ್ತಾರೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡು ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಒಂದೇ ಹದದಲ್ಲಿ ಓಡಿದ ಮೂರು ಲಕ್ಷಕ್ಕಿಂತ, ಊರೊಳಗೆ ಮೊದಲ ಎರಡನೇ ಗೇರಿನಲ್ಲಿ ತೆವಳಿದ ಒಂದೂವರೆ ಲಕ್ಷ ಹೆಚ್ಚು ಸವೆಸಿರಬಹುದು. ಮೀಟರಿನ ಅಂಕಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಇಂಜಿನ್ನಿನ ನಿಜಸ್ಥಿತಿ ತಿಳಿಯಲು ಬೆಳಗಿನ ಚಳಿಯಲ್ಲಿ, ರಾತ್ರಿಯಿಡೀ ನಿಂತ ಗಾಡಿಯನ್ನು ಶುರು ಮಾಡಿ ನೋಡಬೇಕು. ಮಧ್ಯಾಹ್ನ ಬಿಸಿಯಾಗಿರುವ ಇಂಜಿನ್ ಎಲ್ಲರಿಗೂ ಶುರುವಾಗುತ್ತದೆ. ಹಿಂದೆ ಬರುವ ಹೊಗೆಯ ಬಣ್ಣ ಗಮನಿಸಿ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಸರಿಯಾಗಿ ಸಿಂಪಡಿಸದೆ ಹನಿಸುತ್ತಿರಬಹುದು. ಚಳಿಯಲ್ಲಿ ತುಸು ಹೊತ್ತು ಬಿಳಿ ಹೊಗೆ ಬಂದು ನಿಂತರೆ ಉರಿಯದ ಡೀಸೆಲ್. ಶುರುವಿನಲ್ಲಿ ಇಂಜಿನ್ನಿಗೆ ಶಾಖ ಕೊಡುವ ಹೀಟರ್ ಪ್ಲಗ್ ನೋಡಿಸಿ. ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಕೆಳಗೆ ಸೋರದಂತೆ ಕೂರಿಸಿದ ಹಾಳೆಯ ಮೇಲೆ ಅನುಮಾನ. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುತ್ತಿರುವುದರ ಗುರುತು, ಅಂದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ), ಬೋರ್ (ಸಿಲಿಂಡರಿನ ಒಳಗೋಡೆ) ಅಥವಾ ವಾಲ್ವ್ ಸೀಲ್ ಸವೆದಿದೆ. ಬಳಿಕ ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ಅಲ್ಲಿಂದ ರೈಲಿನಂತೆ ಬುಸುಬುಸು ಹೊಗೆ ಬಂದರೆ ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ. ಕಂಪ್ರೆಷನ್ ಗೇಜ್ ಹಾಕಿಸಿದರೆ ಯಾವ ಸಿಲಿಂಡರ್ ಎಂಬುದೂ ತಿಳಿಯುತ್ತದೆ.

ರಿಂಗ್, ಬೋರ್ ಸವೆದಿದ್ದರೂ ದಾರಿ ಇದೆ. ಲೇತ್ ವರ್ಕ್‌ಶಾಪಿನಲ್ಲಿ ಸಿಲಿಂಡರನ್ನು ತುಸು ದೊಡ್ಡದಾಗಿ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ, ಇಲ್ಲವೇ ಹೊಸ ಲೈನರ್ ಕೂರಿಸುತ್ತಾರೆ. ಹಳೆಯ ಯಾಂತ್ರಿಕ ಪಂಪಿನ ಇಂಜಿನ್ನುಗಳಿಗೆ ಈ ಕೆಲಸ ಬಲ್ಲವರು ತಾಲ್ಲೂಕು ಪಟ್ಟಣಗಳಲ್ಲೂ ಸಿಗುತ್ತಾರೆ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್ನುಗಳ ವಿಷಯ ಬೇರೆ. ಟೈರಿನ ಗಾಳಿಯ ಒತ್ತಡ ಸುಮಾರು 2 ಬಾರ್. ಕಾಮನ್ ರೈಲಿನ ಒಳಗೆ ಡೀಸೆಲ್ ಒತ್ತಡ 1,600 ಬಾರ್ ಮುಟ್ಟುವುದೂ ಉಂಟು. ಅದರ ಇಂಜೆಕ್ಟರ್ ಪರೀಕ್ಷಿಸಲು ವಿಶೇಷ ಯಂತ್ರವೇ ಬೇಕು, ಖರ್ಚೂ ಅದಕ್ಕೆ ತಕ್ಕಂತೆ.

ಟೈಮಿಂಗ್ ಬೆಲ್ಟ್ ಬಗ್ಗೆ ಒಂದು ಎಚ್ಚರಿಕೆ. ಕ್ವಾಲಿಸ್ ಸೇರಿದಂತೆ ಅನೇಕ ಡೀಸೆಲ್ ಇಂಜಿನ್ನುಗಳಲ್ಲಿ ವಾಲ್ವುಗಳನ್ನು ನಡೆಸುವುದು ರಬ್ಬರಿನ ಹಲ್ಲುಪಟ್ಟಿ. ಅದು ಓಡುವಾಗ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಹಿಂದೆ ಯಾವಾಗ ಬದಲಿಸಿದ್ದೆಂದು ದಾಖಲೆ ಇಲ್ಲದಿದ್ದರೆ ಬೇರೆ ಯಾವ ಕೆಲಸಕ್ಕೂ ಮುನ್ನ ಅದನ್ನು ಬದಲಿಸಿ.

ಟ್ಯಾಂಕ್, ರೇಡಿಯೇಟರ್, ಬ್ರೇಕ್ ಪೈಪು

ತುಕ್ಕು ಬಾಡಿಯಲ್ಲಷ್ಟೇ ಇರುವುದಿಲ್ಲ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಹನಿಯಾಗಿ, ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ತಳ ತುಕ್ಕು ಹಿಡಿಯುತ್ತದೆ, ನೀರು ಮತ್ತು ಡೀಸೆಲ್ ಸಂಧಿಸುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಪಂಪು, ನಾಜಲುಗಳ ಒಳಗಿನ ಸಂದು ತಲೆಗೂದಲಿಗಿಂತ ಎಷ್ಟೋ ಪಟ್ಟು ಕಿರಿದು; ಈ ಕಸ ಅಲ್ಲಿಗೆ ಹೋದರೆ ಉಳಿಗಾಲವಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯನ್ನು ಶುರು ಮಾಡುವ ಮೊದಲು ಟ್ಯಾಂಕ್ ಇಳಿಸಿ ತೊಳೆಸಿ, ಫಿಲ್ಟರ್ ಬದಲಿಸಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದರೆ ಹಂಡೆಯ ಗಾರೆ ಅಲ್ಲೂ ಕಟ್ಟಿರುತ್ತದೆ. ಊರಿನ ರಸ್ತೆಯಲ್ಲಿ ತೊಂದರೆ ಕಾಣದು. ದೇವರಾಯನದುರ್ಗದ ಏರು ಹತ್ತಿದಾಗ ಶಾಖ ತೋರಿಸುವ ಮುಳ್ಳು ಮೇಲೇರುತ್ತದೆ, ಇಂಜಿನ್ ಕಾದರೆ ಹೆಡ್ ಸೊಟ್ಟಗಾಗುತ್ತದೆ. ಒಳಗೆ ತೊಳೆಸಿ, ಭಟ್ಟಿ ಇಳಿಸಿದ ನೀರಿನಲ್ಲಿ ಕೂಲೆಂಟ್ ಬೆರೆಸಿ ತುಂಬಿಸಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ಹಳೆಯದಾದರೆ ಒಳಗಿನಿಂದಲೇ ಉಕ್ಕಿನ ಪೈಪು, ಚಕ್ರದ ಸಿಲಿಂಡರುಗಳನ್ನು ತುಕ್ಕು ಹಿಡಿಸುತ್ತದೆ. ಹಣ ಸಾಲದೆ ಬಣ್ಣವನ್ನು ಮುಂದೂಡಿದರೆ ಏನೂ ಆಗುವುದಿಲ್ಲ. ಬ್ರೇಕನ್ನು ಮಾತ್ರ ಮುಂದೂಡಬೇಡಿ.

ಬಣ್ಣ, ಹೊಗೆ ಮತ್ತು ಆರ್‌ಸಿ

ಖರ್ಚಿನ ಅಂದಾಜನ್ನು ಗಾಡಿಯ ಒಳಭಾಗ ಬಿಚ್ಚಿದ ಮೇಲೆ ಬರೆಸಿಕೊಳ್ಳಿ. ಕಾರ್ಪೆಟ್ ಮೇಲೆ ನಿಂತು ಹೇಳಿದ ಮೊತ್ತ ಉಳಿಯುವುದಿಲ್ಲ. ಬಣ್ಣ ಕೊನೆಗಿರಲಿ. ಹಳೆಯ ಬಣ್ಣವನ್ನೇ ಹೊಡೆಸಿದರೆ ತಕರಾರಿಲ್ಲ, ಬೇರೆ ಬಣ್ಣವಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ಬೇರೆ ಇಂಜಿನ್ ಕೂರಿಸುವ ಮುನ್ನವೂ ಆರ್‌ಟಿಒ ಅನುಮತಿ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ. ಹೊಗೆ ತಪಾಸಣೆಯಲ್ಲಿ ಡೀಸೆಲ್ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆ. ಬಿಎಸ್ 4ಕ್ಕಿಂತ (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ನಾಲ್ಕನೇ ಹಂತ) ಹಿಂದಿನ ಗಾಡಿಗೆ ಮಿತಿ, ದಟ್ಟಣೆಯ ಅಳತೆಯಲ್ಲಿ, 65 ಹಾರ್ಟ್‌ರಿಡ್ಜ್ ಅಂಕ, ಬಿಎಸ್ 4 ಗಾಡಿಗೆ 50. ನಾಜಲ್, ಪಂಪು, ಏರ್ ಫಿಲ್ಟರ್ ಸರಿಯಿದ್ದರೆ ಹಳೆಯ ಇಂಜಿನ್ ಕೂಡ ಇದರೊಳಗೆ ನಿಲ್ಲುತ್ತದೆ.

ಗಾಡಿ ಕೈಗೆ ಬಂದ ಮೇಲೆ ಬರುವ ಮೊದಲ ಜೋರು ಮಳೆಯ ಮರುದಿನ ಕಾರ್ಪೆಟ್ ಎತ್ತಿ, ಚಾಲಕನ ಕಾಲಿನ ಬಳಿ ಅಂಗೈ ಇಟ್ಟು ನೋಡಿ. ಒಣಗಿರಬೇಕು. ಒದ್ದೆಯಿದ್ದರೆ ಗಾಜಿನ ರಬ್ಬರ್ ಇನ್ನೂ ಸೋರುತ್ತಿದೆ, ಆ ವಾರವೇ ಗ್ಯಾರೇಜಿಗೆ ಒಯ್ಯಿರಿ.